‘ಟರ್ನ್ ಇಟ್ ಆಫ್’ ಸರಿ, ‘ಟರ್ನ್ ಆಫ್ ಇಟ್’ ತಪ್ಪು: ಇಂಗ್ಲಿಷಿನ ಸಣ್ಣ ಪದ ಎಲ್ಲಿ ಕೂಡಬೇಕು?

(ಧಾರವಾಡದಲ್ಲಿ ಹೈಸ್ಕೂಲು ಶಿಕ್ಷಕರು ಮತ್ತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಬಾಯಿಬಿಟ್ಟು ಓದಿಕೊಂಡರೆ ಬೇಗ ಹಿಡಿತಕ್ಕೆ ಸಿಗುತ್ತವೆ.)

ಹಲಗೆಯ ಮೇಲೆ ನಾಲ್ಕು ವಾಕ್ಯ ಬರೆದಿದೆ, ನೋಡಿ.

ಟರ್ನ್ ಆಫ್ ದ ಫ್ಯಾನ್.
ಟರ್ನ್ ದ ಫ್ಯಾನ್ ಆಫ್.
ಟರ್ನ್ ಇಟ್ ಆಫ್.
ಟರ್ನ್ ಆಫ್ ಇಟ್.

ಮೊದಲ ಮೂರೂ ಸರಿ. ನಾಲ್ಕನೆಯದನ್ನು ಇಂಗ್ಲಿಷ್ ಮನೆಮಾತಿನವರು ಯಾರೂ ಆಡುವುದಿಲ್ಲ. ಅದರ ಕೆಳಗೆ ಇನ್ನೆರಡು ಬರೆಯೋಣ: ‘ಲುಕ್ ಆಫ್ಟರ್ ಹಿಮ್’ ಸರಿ, ‘ಲುಕ್ ಹಿಮ್ ಆಫ್ಟರ್’ ತಪ್ಪು. ಎರಡೂ ಕಡೆ ಇರುವುದು ಒಂದು ಕ್ರಿಯಾಪದ, ಒಂದು ಸಣ್ಣ ಪದ, ಒಂದು ಸರ್ವನಾಮ. ಒಂದು ಕಡೆ ಸರ್ವನಾಮ ನಡುವೆ ಬಾರದಿದ್ದರೆ ತಪ್ಪು, ಇನ್ನೊಂದು ಕಡೆ ನಡುವೆ ಬಂದರೆ ತಪ್ಪು.

ನಮ್ಮ ಶಾಲೆಗಳಲ್ಲಿ, ಕೋಚಿಂಗ್ ಕ್ಲಾಸುಗಳಲ್ಲಿ ‘ಫ್ರೇಸಲ್ ವರ್ಬ್’ (ಕ್ರಿಯಾಪದ ಮತ್ತು ಸಣ್ಣ ಪದದ ಇಂಥ ಜೋಡಿ) ಅಂದರೆ ನೂರು ಇನ್ನೂರರ ಪಟ್ಟಿ. ಎಡಕ್ಕೆ ‘ಪುಟ್ ಆಫ್’, ಬಲಕ್ಕೆ ‘ಮುಂದೂಡು’. ಅರ್ಥ ಬಾಯಿಪಾಠವಾಗುತ್ತದೆ, ಜಾಗ ಗೊತ್ತಾಗುವುದೇ ಇಲ್ಲ. ತಪ್ಪು ಹುಡುಕುವ ಪ್ರಶ್ನೆಯಲ್ಲಿ ಅಂಕ ಹೋಗುವುದು ಈ ಜಾಗದ ವಿಷಯದಲ್ಲೇ. ಹಾಗಾಗಿ ಪಟ್ಟಿ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಸಣ್ಣ ಪದ ಯಾರ ಕಡೆಯದು? ಕ್ರಿಯಾಪದದ ಕಡೆಯದೋ, ಮುಂದೆ ಬರುವ ನಾಮಪದದ ಕಡೆಯದೋ?

ನಾಮಪದದ ಕಡೆಯದಾದರೆ ಅದು ಪ್ರಿಪೊಸಿಷನ್. ಕನ್ನಡದಲ್ಲಿ ಅದರ ಕೆಲಸವನ್ನು ವಿಭಕ್ತಿ ಪ್ರತ್ಯಯವೋ ‘ಮೇಲೆ’, ‘ಕೆಳಗೆ’, ‘ಹತ್ತಿರ’ದಂಥ ಪದವೋ ಮಾಡುತ್ತದೆ. ನಮ್ಮಲ್ಲಿ ಅದು ನಾಮಪದ ಆದ ಮೇಲೆ ಬರುತ್ತದೆ, ಇಂಗ್ಲಿಷಿನಲ್ಲಿ ನಾಮಪದಕ್ಕಿಂತ ಮೊದಲು ನಿಲ್ಲುತ್ತದೆ. ‘ಲುಕ್ ಅಟ್ ದ ಬೋರ್ಡ್’ ಎಂಬಲ್ಲಿ ‘ಅಟ್’ ಬೋರ್ಡಿನ ಕಡೆಯದು. ಬೋರ್ಡಿನ ಬದಲು ‘ಇಟ್’ ಬಂದರೂ ‘ಅಟ್’ ಅದಕ್ಕಿಂತ ಮೊದಲೇ ಇರುತ್ತದೆ: ‘ಲುಕ್ ಅಟ್ ಇಟ್’.

ಕ್ರಿಯಾಪದದ ಕಡೆಯದಾದರೆ ಅದನ್ನು ಪಾರ್ಟಿಕಲ್ ಎನ್ನುತ್ತಾರೆ. ಇದಕ್ಕೆ ಹತ್ತಿರದ್ದು ಕನ್ನಡದಲ್ಲಿ ‘ತಿಂದುಬಿಡು’ ಎಂಬಲ್ಲಿಯ ‘ಬಿಡು’. ‘ಈಟ್ ಇಟ್ ಅಪ್’ ಅಂದರೆ ಅದನ್ನು ತಿಂದುಬಿಡು, ತಿಂದು ಮುಗಿಸು. ಇಲ್ಲಿ ‘ಅಪ್’ ಮೇಲಿನ ದಿಕ್ಕನ್ನು ಹೇಳುತ್ತಿಲ್ಲ, ತಿನ್ನುವ ಕೆಲಸ ಪೂರ್ತಿಯಾಗಲಿ ಎನ್ನುತ್ತಿದೆ. ಆದರೆ ನಾವು ‘ತಿಂದು’ ಮತ್ತು ‘ಬಿಡು’ ನಡುವೆ ರೊಟ್ಟಿಯನ್ನು ತೂರಿಸುವಂತಿಲ್ಲ. ‘ತಿಂದು ರೊಟ್ಟಿ ಬಿಡು’ ಎಂದರೆ ಮಾತೇ ಕೆಡುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಪಾರ್ಟಿಕಲ್‌ಗೂ ನಡುವೆ ಕರ್ಮ ಬಂದು ಕೂಡಬಹುದು. ಕರ್ಮ ಸರ್ವನಾಮವಾಗಿದ್ದರೆ ಅಲ್ಲಿಯೇ ಕೂಡಬೇಕು. ಕನ್ನಡದವರಿಗೆ ‘ಟರ್ನ್ ಆಫ್ ಇಟ್’ ಸಹಜ ಅನ್ನಿಸುವುದಕ್ಕೆ ಇದೂ ಒಂದು ಕಾರಣ. ‘ಟರ್ನ್ ಆಫ್’ ಒಡೆಯದ ಒಂದೇ ಕ್ರಿಯಾಪದ, ‘ಆರಿಸು’ ಇದ್ದ ಹಾಗೆ, ಎಂದು ನಾವು ತಿಳಿದಿರುತ್ತೇವೆ.

ಯಾವುದು ಯಾರ ಕಡೆ ಎಂದು ಪತ್ತೆ ಹಚ್ಚಲು ವ್ಯಾಕರಣದವರು ಮೂರು ಪರೀಕ್ಷೆ ಹೇಳುತ್ತಾರೆ. ಒಂದು, ನಡುವೆ ಕ್ರಿಯಾವಿಶೇಷಣ ಇಟ್ಟು ನೋಡುವುದು. ‘ಲುಕ್ ಕೇರ್‌ಫುಲಿ ಅಟ್ ದ ಬೋರ್ಡ್’ ನಡೆಯುತ್ತದೆ, ‘ಟರ್ನ್ ಕ್ವಿಕ್‌ಲಿ ಆಫ್ ದ ಫ್ಯಾನ್’ ನಡೆಯುವುದಿಲ್ಲ. ಎರಡು, ಸಣ್ಣ ಪದವನ್ನು ‘ವಿಚ್’ಗಿಂತ ಮೊದಲು ತಂದು ನೋಡುವುದು. ‘ದ ಬೋರ್ಡ್ ಅಟ್ ವಿಚ್ ಹಿ ಲುಕ್ಡ್’ ಸರಿ, ‘ದ ಫ್ಯಾನ್ ಆಫ್ ವಿಚ್ ಹಿ ಟರ್ನ್ಡ್’ ಮಾತೇ ಅಲ್ಲ. ಮೂರನೆಯದು ಕಿವಿಯ ಪರೀಕ್ಷೆ. ‘ಟರ್ನ್ ಇಟ್ ಆಫ್’ ಎನ್ನುವಾಗ ಒತ್ತು ಬೀಳುವುದು ‘ಆಫ್’ ಮೇಲೆ. ‘ಲುಕ್ ಅಟ್ ಇಟ್’, ‘ವೇಟ್ ಫಾರ್ ಇಟ್’ ಎನ್ನುವಾಗ ‘ಅಟ್’, ‘ಫಾರ್’ ಕೇಳಿಸಿಯೂ ಕೇಳಿಸದ ಹಾಗೆ ಜಾರಿಹೋಗುತ್ತವೆ. ಆದರೆ ಕಿವಿಯ ಪರೀಕ್ಷೆ ‘ಆಫ್ಟರ್’, ‘ಇನ್‌ಟು’, ‘ಓವರ್’ನಂಥ ಎರಡು ಉಚ್ಚಾರಾಂಶದ ಪದಗಳಿಗೆ ಹೊಂದುವುದಿಲ್ಲ. ಅವು ಪ್ರಿಪೊಸಿಷನ್ ಆಗಿದ್ದಾಗಲೂ ಒತ್ತು ಪಡೆಯುತ್ತವೆ.

ಈ ಮೂರೂ ಪರೀಕ್ಷೆ ನಿಜ. ಆದರೆ ಭಾಷೆ ಕಿವಿಗೆ ಇಳಿದವರಿಗೆ ಮಾತ್ರ ಉಪಯೋಗ. ಯಾವುದು ಸರಿ ಕೇಳಿಸುತ್ತದೆ ಎಂದು ಗೊತ್ತಿಲ್ಲದವರಿಗೆ ‘ಸರಿ ಕೇಳಿಸುತ್ತದೆಯೇ ನೋಡಿ’ ಎಂದರೆ ಏನು ಪ್ರಯೋಜನ? ಹೊಸಬರಿಗೆ ಹೆಚ್ಚು ಕೆಲಸಕ್ಕೆ ಬರುವುದು ಸಣ್ಣ ಪದವನ್ನೇ ನೋಡುವುದು.

‘ಅಟ್, ಫಾರ್, ಫ್ರಮ್, ಆಫ್ಟರ್, ಇನ್‌ಟು, ವಿತ್, ಟು, ಅಗೇನ್‌ಸ್ಟ್’, ಇವು ದಿನಬಳಕೆಯಲ್ಲಿ ನಾಮಪದದ ಕಡೆಯವೇ. ಲಿಸನ್ ಟು ಇಟ್, ವೇಟ್ ಫಾರ್ ಹರ್, ಲುಕ್ ಇನ್‌ಟು ಇಟ್, ಡೀಲ್ ವಿತ್ ದೆಮ್. ಇವುಗಳ ನಡುವೆ ಏನನ್ನೂ ತೂರಿಸಬೇಡಿ. ‘ಅವೇ, ಬ್ಯಾಕ್, ಅಪಾರ್ಟ್, ಟುಗೆದರ್’, ಇವು ಕ್ರಿಯಾಪದದ ಕಡೆಯವು. ಥ್ರೋ ಇಟ್ ಅವೇ, ಗಿವ್ ಇಟ್ ಬ್ಯಾಕ್, ಟೇಕ್ ಇಟ್ ಅಪಾರ್ಟ್. ‘ಔಟ್’ ಕೂಡ ಬಹುಪಾಲು ಇದೇ ಗುಂಪು: ಫೈಂಡ್ ಇಟ್ ಔಟ್, ವರ್ಕ್ ಇಟ್ ಔಟ್. ಇಷ್ಟನ್ನು ಗೊತ್ತು ಮಾಡಿಕೊಂಡರೆ ಪಟ್ಟಿಯ ದೊಡ್ಡ ಭಾಗ ತಾನಾಗಿಯೇ ಬಗೆಹರಿಯುತ್ತದೆ. ಉಳಿಯುವುದು ಎರಡೂ ಕಡೆ ಓಡಾಡುವ ಗುಂಪು: ಅಪ್, ಡೌನ್, ಇನ್, ಆನ್, ಆಫ್, ಓವರ್, ಥ್ರೂ.

ಈ ಗುಂಪಿನಲ್ಲಿ ಜಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ಒಬ್ಬ ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನು ಓಡುತ್ತ ಹತ್ತಿದ: ‘ಹಿ ರ‍್ಯಾನ್ ಅಪ್ ದ ಹಿಲ್’. ಅದೇ ಮನುಷ್ಯ ಖಾನಾವಳಿಯಲ್ಲಿ ತಿಂಗಳುಗಟ್ಟಲೆ ಉಂಡು ದೊಡ್ಡ ಬಾಕಿ ಬೆಳೆಸಿದ: ‘ಹಿ ರ‍್ಯಾನ್ ಅಪ್ ಎ ಬಿಲ್’. ಕಣ್ಣಿಗೆ ಎರಡೂ ಒಂದೇ ಅಚ್ಚು. ಸರ್ವನಾಮ ಹಾಕಿ ನೋಡಿ. ಬೆಟ್ಟವಾದರೆ ‘ಹಿ ರ‍್ಯಾನ್ ಅಪ್ ಇಟ್’, ಬಿಲ್ ಆದರೆ ‘ಹಿ ರ‍್ಯಾನ್ ಇಟ್ ಅಪ್’. ಮೊದಲನೆಯದರಲ್ಲಿ ‘ಅಪ್’ ನಿಜವಾಗಿಯೂ ಬೆಟ್ಟದ ಮೇಲ್ಮುಖದ ದಾರಿ, ಎರಡನೆಯದರಲ್ಲಿ ಅದು ಕ್ರಿಯಾಪದದ ಅರ್ಥವನ್ನೇ ಬದಲಿಸಿದ ಪದ. ಹಾಗೆಯೇ ‘ಸೀ ಥ್ರೂ ಹಿಮ್’ ಅಂದರೆ ಅವನ ನಾಟಕ ಅರ್ಥಮಾಡಿಕೊಳ್ಳುವುದು. ‘ಸೀ ಹಿಮ್ ಥ್ರೂ’ ಅಂದರೆ ಕಷ್ಟದಲ್ಲಿ ಕೈಹಿಡಿದು ದಾಟಿಸುವುದು. ‘ಶಿ ಟರ್ನ್ಡ್ ಇಟ್ ಆನ್’ ಅಂದರೆ ಅವಳು ಅದನ್ನು ಹಚ್ಚಿದಳು; ‘ದ ಡಾಗ್ ಟರ್ನ್ಡ್ ಆನ್ ಹರ್’ ಅಂದರೆ ನಾಯಿ ಅವಳ ಮೈಮೇಲೆ ಬಿತ್ತು.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಿಂದ ಉಣಕಲ್‌ನಲ್ಲಿ ಇಳಿಯುವುದಕ್ಕೆ ‘ಗೆಟ್ ಆಫ್ ದ ಬಸ್ ಅಟ್ ಉಣಕಲ್’. ಇಲ್ಲಿ ‘ಆಫ್’ ಬಸ್ಸಿನ ಕಡೆಯದು, ‘ಬಸ್ಸಿನಿಂದ’ ಎಂಬಲ್ಲಿಯ ‘ಇಂದ’. ಹಾಗಾಗಿ ‘ಗೆಟ್ ದ ಬಸ್ ಆಫ್’ ಆಗುವುದಿಲ್ಲ. ಚಪ್ಪಲಿ ಬಿಡುವುದಕ್ಕೆ ಮಾತ್ರ ‘ಟೇಕ್ ಆಫ್ ಯುವರ್ ಚಪ್ಪಲ್ಸ್’ ಅಥವಾ ‘ಟೇಕ್ ದೆಮ್ ಆಫ್’. ಒಂದು ಗುರುತು ಇಟ್ಟುಕೊಳ್ಳಿ: ಸಣ್ಣ ಪದವನ್ನು ಮುಂದಿನ ನಾಮಪದದ ಜೊತೆ ಸೇರಿಸಿ ಕನ್ನಡದ ವಿಭಕ್ತಿಯಲ್ಲಿ ಹೇಳಲು ಬಂದರೆ, ಅಂದರೆ ‘ಬಸ್ಸಿನಿಂದ’, ‘ಬೆಟ್ಟದ ಮೇಲಕ್ಕೆ’ ಅನ್ನುವ ಹಾಗೆ, ಅದು ಬಹುತೇಕ ಪ್ರಿಪೊಸಿಷನ್. ‘ಬಿಲ್ಲಿನ ಮೇಲಕ್ಕೆ ಓಡಿದ’ ಎಂದರೆ ಅರ್ಥವಿಲ್ಲ, ಅದು ಪಾರ್ಟಿಕಲ್.

ಈಗ ಮೊದಲ ಎರಡು ವಾಕ್ಯಗಳಿಗೆ ಬರೋಣ. ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’ ಎರಡೂ ಸರಿಯಾದರೆ ಯಾವಾಗ ಯಾವುದು? ಇಂಗ್ಲಿಷ್ ವಾಕ್ಯದ ಕೊನೆಯ ಜಾಗ ಬೆಲೆಯುಳ್ಳ ಜಾಗ. ಹೊಸ ಸುದ್ದಿ ಅಲ್ಲಿಗೆ ಹೋಗುತ್ತದೆ, ಭಾರವಾದ ಪದಗುಚ್ಛ ಅಲ್ಲಿಗೆ ಹೋಗುತ್ತದೆ. ‘ಇಟ್’, ‘ದೆಮ್’, ‘ಹಿಮ್’ ಆಗಲೇ ಗೊತ್ತಿದ್ದ ವಿಷಯ, ತೂಕವಿಲ್ಲದ ಪದ. ಅವಕ್ಕೆ ಕೊನೆಯ ಜಾಗ ಸಿಗುವುದಿಲ್ಲ, ನಡುವೆ ಸರಿಯಬೇಕು. ‘ಟರ್ನ್ ಇಟ್ ಆಫ್’ ನಿಯಮದ ಮೂಲ ಇದೇ. ಇನ್ನೊಂದು ತುದಿಯಲ್ಲಿ, ಗ್ರಂಥಾಲಯದ ಗೋಡೆಗೆ ಹಚ್ಚುವ ಸೂಚನೆ ನೋಡಿ: ‘ಸ್ವಿಚ್ ಆಫ್ ಆಲ್ ದ ಲೈಟ್ಸ್ ಅಂಡ್ ಫ್ಯಾನ್ಸ್ ಇನ್ ದ ರೀಡಿಂಗ್ ರೂಮ್’. ಈ ಉದ್ದನೆಯ ಕರ್ಮವನ್ನು ನಡುವೆ ಹಾಕಿ ‘ಆಫ್’ ಅನ್ನು ಕೊನೆಗೆ ತಂದರೆ, ಓದುವವನು ‘ಆಫ್’ ತಲುಪುವ ಹೊತ್ತಿಗೆ ‘ಸ್ವಿಚ್’ ಮರೆತಿರುತ್ತಾನೆ. ಎರಡು ಮೂರು ಪದದ ಕರ್ಮ ಎರಡೂ ಕಡೆ ಅಡ್ಡಿಯಿಲ್ಲ. ನಾಲ್ಕೈದು ದಾಟಿದರೆ ಪಾರ್ಟಿಕಲ್ ಕ್ರಿಯಾಪದದ ಪಕ್ಕದಲ್ಲೇ ಇರಲಿ. ಕರ್ಮವೇ ಒಂದು ಉಪವಾಕ್ಯವಾದರೆ ಆಯ್ಕೆಯೇ ಇಲ್ಲ: ‘ಫೈಂಡ್ ಔಟ್ ವೇರ್ ಹಿ ಲಿವ್ಸ್’ ಮಾತ್ರ.

ಕೆಲವು ಜೋಡಿ ರೂಢಿಯಿಂದ ಗಟ್ಟಿಯಾಗಿವೆ. ‘ಗಿವ್ ಅಪ್ ಹೋಪ್’ ಎನ್ನುತ್ತಾರೆ, ‘ಗಿವ್ ಹೋಪ್ ಅಪ್’ ಎನ್ನುವುದು ಅಪರೂಪ. ‘ಐ ಕಾಂಟ್ ಟೆಲ್ ದ ಟ್ವಿನ್ಸ್ ಅಪಾರ್ಟ್’ ಎನ್ನುವಲ್ಲಿ ಅವಳಿಗಳು ನಡುವೆಯೇ ಇರಬೇಕು. ಮೂರು ಪದದವು, ‘ಪುಟ್ ಅಪ್ ವಿತ್’, ‘ಲುಕ್ ಫಾರ್ವರ್ಡ್ ಟು’, ‘ರನ್ ಔಟ್ ಆಫ್’ (ಇದು ಒಂದೇ ‘ಎಫ್’ನ ‘ಆಫ್’), ಕೊನೆಗೆ ಪ್ರಿಪೊಸಿಷನ್ ಇರುವುದರಿಂದ ಒಡೆಯುವುದಿಲ್ಲ: ಪುಟ್ ಅಪ್ ವಿತ್ ಇಟ್. ಅರ್ಜಿಯ ಕೊನೆಯಲ್ಲಿ ಬರೆಯುವ ‘ಲುಕಿಂಗ್ ಫಾರ್ವರ್ಡ್ ಟು’ ಮುಂದೆ ‘ಹಿಯರ್’ ಅಲ್ಲ, ‘ಹಿಯರಿಂಗ್’. ಆ ‘ಟು’ ಪ್ರಿಪೊಸಿಷನ್, ಅದರ ಮುಂದೆ ನಾಮಪದದ ರೂಪವೇ ಬರಬೇಕು.

ಇದೇ ತೂಕದ ನಿಯಮ ‘ಕೊಡು’ ಗುಂಪಿನ ಕ್ರಿಯಾಪದಗಳಲ್ಲೂ ಇದೆ. ನಮ್ಮಲ್ಲಿ ‘ಗೆ’ ಪ್ರತ್ಯಯ (ಧಾರವಾಡದ ಆಡುಮಾತಿನಲ್ಲಿ ‘ಗ’) ಅಂಟಿರುವುದರಿಂದ ‘ಹುಡುಗಗ ಪುಸ್ತಕ ಕೊಟ್ಟೆ’, ‘ಪುಸ್ತಕ ಹುಡುಗಗ ಕೊಟ್ಟೆ’ ಹೇಗೆ ಹೇಳಿದರೂ ಅರ್ಥ ಕೆಡದು. ಇಂಗ್ಲಿಷಿನಲ್ಲಿ ಎರಡು ದಾರಿ. ವ್ಯಕ್ತಿ ಮೊದಲು ಬಂದರೆ ಪ್ರಿಪೊಸಿಷನ್ ಬೇಡ: ‘ಐ ಗೇವ್ ದ ಬಾಯ್ ಎ ಬುಕ್’. ವಸ್ತು ಮೊದಲು ಬಂದರೆ ‘ಟು’ ಬೇಕು: ‘ಐ ಗೇವ್ ಎ ಬುಕ್ ಟು ದ ಬಾಯ್’. ವ್ಯಕ್ತಿ ಮೊದಲು ಬಂದ ಮೇಲೂ ‘ಟು’ ಹಾಕಿ ‘ಐ ಗೇವ್ ಟು ಹಿಮ್ ಎ ಬುಕ್’ ಎಂದು ಬರೆಯುವುದು ನಮ್ಮ ಕಡೆಯ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು. ಆ ‘ಟು’ ನಮ್ಮ ‘ಗೆ’ಯ ನೆರಳು. ವಸ್ತು ಸರ್ವನಾಮವಾದರೆ ‘ಗಿವ್ ಇಟ್ ಟು ಮಿ’ ಎಂಬುದೇ ಕ್ರಮ.

ಎಲ್ಲ ಕ್ರಿಯಾಪದಕ್ಕೂ ಈ ಎರಡು ದಾರಿ ತೆರೆದಿಲ್ಲ. ಗಿವ್, ಸೆಂಡ್, ಶೋ, ಟೆಲ್, ಟೀಚ್, ಲೆಂಡ್, ಇವಕ್ಕೆ ತೆರೆದಿದೆ. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್, ಅನೌನ್ಸ್, ಡೊನೇಟ್, ಇಂಟ್ರಡ್ಯೂಸ್, ಇವಕ್ಕೆ ಇಲ್ಲ. ಮೊದಲ ಗುಂಪು ಹಳೆಯ ಜರ್ಮಾನಿಕ್ ಬೇರಿನದು, ಎರಡನೆಯದು ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ ಬಂದದ್ದು. ಹೆಚ್ಚುಕಡಿಮೆ ನಂಬಬಹುದಾದ ಗುರುತು ಇದು, ಪೂರ್ತಿ ಅಲ್ಲ: ‘ಪೇ’, ‘ಪ್ರಾಮಿಸ್’ ಹೊರಗಿನಿಂದ ಬಂದರೂ ಮೊದಲ ಗುಂಪಿನಲ್ಲಿ ಕೂತಿವೆ, ‘ಸೇ’ ಹಳೆಯದಾದರೂ ‘ಟು’ ಕೇಳುತ್ತದೆ. ನಮಗೆ ‘ನನಗ ಹೇಳು’, ‘ನನಗ ತಿಳಿಸಿ ಹೇಳು’ ಎರಡಕ್ಕೂ ಒಂದೇ ‘ನನಗ’ ಸಾಕಾದ್ದರಿಂದ ‘ಟೆಲ್ ಮಿ’ ನೋಡಿ ‘ಎಕ್ಸ್‌ಪ್ಲೇನ್ ಮಿ’ ಎನ್ನುತ್ತೇವೆ. ಸರಿಯಾದದ್ದು ‘ಎಕ್ಸ್‌ಪ್ಲೇನ್ ಇಟ್ ಟು ಮಿ’. ವಿಷಯ ಉದ್ದವಾದರೆ ಮತ್ತೆ ತೂಕದ ನಿಯಮ: ‘ಎಕ್ಸ್‌ಪ್ಲೇನ್ ಟು ಮಿ ಹೌ ದಿಸ್ ಮಶೀನ್ ವರ್ಕ್ಸ್’. ‘ಹಿ ಸಜೆಸ್ಟೆಡ್ ಮಿ ಟು ಅಪ್ಲೈ’ ಎರಡು ರೀತಿಯಲ್ಲಿ ತಪ್ಪು. ‘ಹಿ ಸಜೆಸ್ಟೆಡ್ ದಟ್ ಐ ಶುಡ್ ಅಪ್ಲೈ’ ಎನ್ನಬೇಕು.

ಪ್ರಿಪೊಸಿಷನ್ ಬದಲಾದಾಗ ಕರ್ಮವೇ ಅದಲುಬದಲಾಗುವ ಕ್ರಿಯಾಪದಗಳೂ ಇವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಲಾರಿಗೆ ಮೆಣಸಿನಕಾಯಿ ಹೇರಿದರು ಎನ್ನಿ. ‘ದೇ ಲೋಡೆಡ್ ಚಿಲ್ಲೀಸ್ ಆನ್‌ಟು ದ ಲಾರಿ’ ಎಂದರೆ ಹತ್ತು ಚೀಲ ಹೇರಿರಬಹುದು, ಲಾರಿಯಲ್ಲಿ ಜಾಗ ಉಳಿದಿರಬಹುದು. ‘ದೇ ಲೋಡೆಡ್ ದ ಲಾರಿ ವಿತ್ ಚಿಲ್ಲೀಸ್’ ಎಂದರೆ ಕೇಳುವವರ ಮನಸ್ಸಿನಲ್ಲಿ ಲಾರಿ ತುಂಬಿತು. ಕ್ರಿಯಾಪದದ ಪಕ್ಕ ನೇರವಾಗಿ ಕೂತದ್ದರ ಮೇಲೆ ಕೆಲಸ ಪೂರ್ತಿಯಾಯಿತು ಎಂಬ ಧ್ವನಿ ಇಂಗ್ಲಿಷಿನಲ್ಲಿದೆ. ‘ಪ್ರೊವೈಡ್ ದ ಸ್ಕೂಲ್ ವಿತ್ ಬುಕ್ಸ್’, ‘ಪ್ರೊವೈಡ್ ಬುಕ್ಸ್ ಟು ದ ಸ್ಕೂಲ್’ ಇದೇ ಜಾತಿ. ‘ರಾಬ್’, ‘ಸ್ಟೀಲ್’ ಮಾತ್ರ ಒಂದೊಂದೇ ದಾರಿ ಹಿಡಿದಿವೆ: ಬ್ಯಾಂಕನ್ನು ರಾಬ್ ಮಾಡುತ್ತಾರೆ, ಬ್ಯಾಂಕಿನಿಂದ ಹಣವನ್ನು ಸ್ಟೀಲ್ ಮಾಡುತ್ತಾರೆ.

ಇನ್ನು ಕನ್ನಡದವರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವ ಜಾಗ. ಈ ಮೂರನ್ನು ಓದಿ: ‘ನಾನು ಬರೆದ ಪತ್ರ’, ‘ನಾನು ಬರೆದ ಪೆನ್ನು’, ‘ನಾನು ಬರೆದ ಟೇಬಲ್ಲು’. ಪತ್ರವನ್ನು ಬರೆದದ್ದು, ಪೆನ್ನಿನಿಂದ ಬರೆದದ್ದು, ಟೇಬಲ್ಲಿನ ಮೇಲೆ ಬರೆದದ್ದು. ಮೂರೂ ಬೇರೆ ಬೇರೆ ಸಂಬಂಧ. ಆದರೆ ‘ಬರೆದ’ ಎಂಬ ಕೃದಂತದ ಮುಂದೆ ನಾಮಪದ ಬಂದ ಕೂಡಲೇ ಕನ್ನಡ ವಿಭಕ್ತಿಯನ್ನು ಕೈಬಿಡುತ್ತದೆ, ಕೇಳುವವನೇ ಅರ್ಥ ಹಚ್ಚಿಕೊಳ್ಳುತ್ತಾನೆ. ಇಂಗ್ಲಿಷ್ ಕೈಬಿಡುವುದಿಲ್ಲ: ದ ಲೆಟರ್ ಐ ರೋಟ್, ದ ಪೆನ್ ಐ ರೋಟ್ ವಿತ್, ದ ಟೇಬಲ್ ಐ ರೋಟ್ ಆನ್. ನಾಮಪದ ಮುಂದೆ ಹೋದರೂ ಪ್ರಿಪೊಸಿಷನ್ ತನ್ನ ಜಾಗದಲ್ಲೇ ಒಂಟಿಯಾಗಿ ನಿಲ್ಲುತ್ತದೆ. ಕನ್ನಡದ ಅಭ್ಯಾಸದಲ್ಲಿ ನಾವು ಅದನ್ನು ನುಂಗಿ ‘ದ ಹೌಸ್ ಐ ಲಿವ್’, ‘ಎ ಚೇರ್ ಟು ಸಿಟ್’ ಎಂದು ಬರೆದುಬಿಡುತ್ತೇವೆ. ‘ದ ಹೌಸ್ ಐ ಲಿವ್ ಇನ್’, ‘ಎ ಚೇರ್ ಟು ಸಿಟ್ ಆನ್’ ಆಗಬೇಕು.

ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂದು ಕೆಲವರು ಕಲಿಸುತ್ತಾರೆ. 1672ರಲ್ಲಿ ಇಂಗ್ಲಿಷ್ ಕವಿ ಜಾನ್ ಡ್ರೈಡನ್ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಬರಹದಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ್ದರು. ಆಮೇಲಿನ ವ್ಯಾಕರಣಗಳಲ್ಲಿ ಅದು ಬೇರುಬಿಟ್ಟಿತು. ‘ವಾಟ್ ಆರ್ ಯು ಲುಕಿಂಗ್ ಫಾರ್’ ಎಂಬುದು ಶುದ್ಧ ಇಂಗ್ಲಿಷ್, ಮಕ್ಕಳ ಉತ್ತರದಲ್ಲಿ ಅದಕ್ಕೆ ಕೆಂಪು ಗೆರೆ ಹೊಡೆಯಬೇಡಿ. ಕಚೇರಿಯ ಪತ್ರದಲ್ಲಿ ‘ದ ಹೌಸ್ ಇನ್ ವಿಚ್ ಐ ಲಿವ್’ ಎಂದರೆ ಗಂಭೀರವಾಗಿ ಕಾಣುತ್ತದೆ, ಅಷ್ಟೇ. ನಿಜವಾಗಿ ಕೆಂಪು ಗೆರೆ ಬೀಳಬೇಕಾದವು ಎರಡು: ಪ್ರಿಪೊಸಿಷನ್ ಎರಡು ಸಲ ಬಂದ ‘ದ ಹೌಸ್ ಇನ್ ವಿಚ್ ಐ ಲಿವ್ ಇನ್’, ಮತ್ತು ‘ದಟ್’ ಮುಂದೆ ಪ್ರಿಪೊಸಿಷನ್ ಹಾಕಿದ ‘ದ ಹೌಸ್ ಇನ್ ದಟ್ ಐ ಲಿವ್’.

ಕರ್ಮಣಿ ಪ್ರಯೋಗದಲ್ಲೂ ಇದೇ ನುಂಗುವ ಕೆಲಸ ನಡೆಯುತ್ತದೆ. ‘ಮೈ ಕಂಪ್ಲೇಂಟ್ ವಾಸ್ ನಾಟ್ ರೆಸ್ಪಾಂಡೆಡ್’ ಎಂದು ಬರೆದರೆ ಕೊನೆಯ ‘ಟು’ ಕಾಣೆಯಾಗಿದೆ. ಕರ್ತರಿಯಲ್ಲಿ ‘ರೆಸ್ಪಾಂಡ್ ಟು ದ ಕಂಪ್ಲೇಂಟ್’ ಇದ್ದದ್ದು ಕರ್ಮಣಿಯಲ್ಲಿ ‘ವಾಸ್ ರೆಸ್ಪಾಂಡೆಡ್ ಟು’. ಹಾಗೆಯೇ ‘ವಾಸ್ ಲಾಫ್ಡ್ ಅಟ್’, ‘ವಿಲ್ ಬಿ ಲುಕ್ಡ್ ಇನ್‌ಟು’, ‘ವರ್ ಲುಕ್ಡ್ ಆಫ್ಟರ್’. ಪರೀಕ್ಷೆಯಲ್ಲಿ ವಾಯ್ಸ್ ಬದಲಿಸುವಾಗ ಮೊದಲು ಕರ್ತರಿ ವಾಕ್ಯದ ಕ್ರಿಯಾಪದ ಮತ್ತು ಪ್ರಿಪೊಸಿಷನ್ ಎರಡಕ್ಕೂ ಸೇರಿಸಿ ಒಂದೇ ಅಡಿಗೆರೆ ಎಳೆಯಿರಿ. ಉತ್ತರದಲ್ಲಿ ಆ ಎರಡೂ ಒಟ್ಟಿಗೆ ಇವೆಯೇ ನೋಡಿ.

ಕನ್ನಡದ ವಿಭಕ್ತಿ ಇನ್ನೊಂದು ಕಡೆಯಿಂದಲೂ ಎಳೆಯುತ್ತದೆ. ‘ಅದರ ಬಗ್ಗೆ ಚರ್ಚಿಸು’ ಇರುವುದರಿಂದ ‘ಡಿಸ್ಕಸ್ ಅಬೌಟ್’, ‘ಧಾರವಾಡಕ್ಕೆ ಮುಟ್ಟಿದೆ’ ಇರುವುದರಿಂದ ‘ರೀಚ್ ಟು’. ಡಿಸ್ಕಸ್, ರೀಚ್, ಎಂಟರ್, ಮ್ಯಾರಿ, ರಿಕ್ವೆಸ್ಟ್, ಎಂಫಸೈಸ್, ಆನ್ಸರ್, ಇವಕ್ಕೆ ನೇರ ಕರ್ಮ, ನಡುವೆ ಏನೂ ಬೇಡ. ಇವುಗಳಲ್ಲಿ ಹಲವು ನಾಮಪದವಾದ ಕೂಡಲೇ ಪ್ರಿಪೊಸಿಷನ್ ಬೇಕಾಗುತ್ತದೆ: ಡಿಸ್ಕಷನ್ ಅಬೌಟ್, ರಿಕ್ವೆಸ್ಟ್ ಫಾರ್, ಎಂಫಸಿಸ್ ಆನ್, ಆನ್ಸರ್ ಟು. ಗೊಂದಲಕ್ಕೆ ಅರ್ಧ ಕಾರಣ ಇದೇ. ‘ಎಂಟರ್ ಇನ್‌ಟು ಆ್ಯನ್ ಅಗ್ರಿಮೆಂಟ್’ ಮಾತ್ರ ಸರಿ. ಒಪ್ಪಂದದೊಳಗೆ ಹೋಗುವುದಕ್ಕೆ ‘ಇನ್‌ಟು’ ಬೇಕು, ಕೋಣೆಯೊಳಗೆ ಹೋಗುವುದಕ್ಕೆ ಬೇಡ. ತಿರುಗುಮುರುಗಾಗಿ, ‘ಹಾಡು ಕೇಳು’, ‘ಅವನನ್ನು ಕಾಯಿ’ ಎನ್ನುವ ನಾವು ‘ಲಿಸನ್ ದ ಸಾಂಗ್’, ‘ವೇಟ್ ಹಿಮ್’ ಎಂದು ಇರಬೇಕಾದ ‘ಟು’, ‘ಫಾರ್’ ಬಿಡುತ್ತೇವೆ.

ನೋಟುಬುಕ್ಕಿನಲ್ಲಿ ಬರೆಯುವ ಕ್ರಮ ಬದಲಿಸಿ. ‘ಪುಟ್ ಆಫ್, ಮುಂದೂಡು’ ಎಂದು ಬರೆಯಬೇಡಿ. ‘ಪುಟ್ ಇಟ್ ಆಫ್, ಅದನ್ನು ಮುಂದೂಡು’ ಎಂದು ಬರೆಯಿರಿ. ‘ಲುಕ್ ಆಫ್ಟರ್’ ಬದಲು ‘ಲುಕ್ ಆಫ್ಟರ್ ಇಟ್’. ‘ಇಟ್’ ಎಲ್ಲಿ ಕೂತಿದೆಯೋ ಅಲ್ಲಿಯೇ ಜಾಗದ ನಿಯಮ ಅಡಗಿದೆ, ಬೇರೆ ಬಾಯಿಪಾಠ ಬೇಡ. ಕಲಿಯುವವರಿಗಾಗಿ ಮಾಡಿದ ಕೆಲವು ಇಂಗ್ಲಿಷ್ ನಿಘಂಟುಗಳಲ್ಲಿ ಒಡೆಯಬಹುದಾದ ಜೋಡಿಗೆ ಎರಡು ತುದಿಯ ಬಾಣದ ಗುರುತು ಇರುತ್ತದೆ. ಆ ಬಾಣ ಕಂಡರೆ ‘ಇಟ್’ ನಡುವೆ. ಆಮೇಲೆ ಪ್ರತಿ ಜೋಡಿಗೆ ಮೂರು ವಾಕ್ಯ: ಸಣ್ಣ ನಾಮಪದ ಹಾಕಿ ಒಂದು, ‘ಇಟ್’ ಹಾಕಿ ಒಂದು, ಐದಾರು ಪದದ ಉದ್ದನೆಯ ಕರ್ಮ ಹಾಕಿ ಒಂದು. ದಿನಕ್ಕೆ ಐದು ಜೋಡಿ ಸಾಕು. ಒಂದು ಪದ ಹೆಚ್ಚು ಬರೆಯುವ ಶ್ರಮ, ಆದರೆ ಹುಡುಗರು ಮಾತಾಡುವಾಗ ಪದಗಳು ಅದೇ ಕ್ರಮದಲ್ಲಿ ಬಾಯಿಗೆ ಬರುತ್ತವೆ.

ಉಪನ್ಯಾಸದ ಕೊನೆಗೆ ಎರಡು ಪ್ರಶ್ನೆ ಬಂದವು. ಒಂದು, ‘ರನ್ ಓವರ್’ ಒಡೆಯುತ್ತದೆಯೇ? ಒಡೆಯುತ್ತದೆ: ‘ದ ಲಾರಿ ರ‍್ಯಾನ್ ಹಿಮ್ ಓವರ್’. ‘ರ‍್ಯಾನ್ ಓವರ್ ಹಿಮ್’ ಎಂಬುದೂ ಬಳಕೆಯಲ್ಲಿದೆ, ಹಾಗಾಗಿ ಪರೀಕ್ಷೆಯ ಪ್ರಶ್ನೆಗೆ ಈ ಜೋಡಿಯನ್ನು ಆರಿಸದಿರುವುದು ಒಳ್ಳೆಯದು. ಇನ್ನೊಂದು, ‘ಲಾಗಿನ್’ ಒಂದೇ ಪದವೋ ಎರಡೋ? ನಾಮಪದವಾದಾಗ ಒಂದು, ಒತ್ತು ಮೊದಲ ಭಾಗದ ಮೇಲೆ. ಕ್ರಿಯಾಪದವಾದಾಗ ಎರಡು, ಒತ್ತು ‘ಇನ್’ ಮೇಲೆ: ‘ಲಾಗ್ ಇನ್’. ಭೂತಕಾಲದಲ್ಲಿ ‘ಲಾಗ್ಡ್ ಇನ್’ ಆಗುತ್ತದೆ, ‘ಲಾಗಿನ್ಡ್’ ಆಗುವುದಿಲ್ಲ. ‘ಬ್ಯಾಕಪ್’, ‘ಸೆಟಪ್’ ಇವಕ್ಕೂ ಇದೇ ಲೆಕ್ಕ: ‘ಟೇಕ್ ಎ ಬ್ಯಾಕಪ್’, ಆದರೆ ‘ಬ್ಯಾಕ್ ಇಟ್ ಅಪ್’.